ಮೊದಲು ಗಡಿಯಾರ, ಆಮೇಲೆ ಮೋಟಾರು, ಕೊನೆಗೆ ಮಿಲ್ಲಿಂಗ್ ಯಂತ್ರ: ಕಲಬುರಗಿಯ ಮನೆ ಕಾರ್ಯಾಗಾರಕ್ಕೆ ಯಾವುದು ಸರಿ?

ಮನೆಯ ಹಿಂದಿನ ಕೋಣೆಯನ್ನೋ ಮಹಡಿಯ ಮೇಲಿನ ತಗಡಿನ ಶೆಡ್ಡನ್ನೋ ಕಾರ್ಯಾಗಾರ ಮಾಡಿಕೊಳ್ಳಲು ಹೊರಟವರೆಲ್ಲ ಮೊದಲು ಕೇಳುವುದು ಮಿಲ್ಲಿಂಗ್ ಯಂತ್ರದ ಬಗ್ಗೆ, ಅಂದರೆ ತಿರುಗುವ ಕಟ್ಟರಿನಿಂದ ಲೋಹ ಕಡಿದು ಆಕಾರ ಕೊಡುವ ಯಂತ್ರದ ಬಗ್ಗೆ. ಯಾವ ಕಂಪನಿಯದು, ಎಷ್ಟು ದೊಡ್ಡದು, ಹೊಸದೋ ಹಳೆಯದೋ? ಅದರಲ್ಲಿ ಮಾಡುವುದೇನು ಎಂದು ನಾನು ತಿರುಗಿ ಕೇಳಿದರೆ, ಮಾತು ಹೆಚ್ಚಾಗಿ ಒಂದು ಹಳೆಯ ಗಡಿಯಾರಕ್ಕೆ ಬಂದು ನಿಲ್ಲುತ್ತದೆ. ಅಜ್ಜನ ಕಾಲದ ಕೀ ಕೊಡುವ ಗೋಡೆ ಗಡಿಯಾರ ನಿಂತುಹೋಗಿದೆ, ಚಕ್ರದ ಹಲ್ಲು ಮುರಿದಿದೆ, ಅದನ್ನು ತಾನೇ ಮಾಡಿ ಕೂಡಿಸಬೇಕು. ಆಸೆಯೇನೋ ಒಳ್ಳೆಯದೇ, ಕೊಳ್ಳುವ ಕ್ರಮ ಮಾತ್ರ ತಲೆಕೆಳಗು. ಎಂಥ ಕೆಲಸ ಬೇಕು ಎಂಬುದನ್ನು ಗಡಿಯಾರ ಹೇಳುತ್ತದೆ. ಎಂಥ ಮೋಟಾರು ನಡೆಯುತ್ತದೆ ಎಂಬುದನ್ನು ನಿಮ್ಮ ಮನೆಗೆ ಬರುವ ಕರೆಂಟು ಹೇಳುತ್ತದೆ. ಇವೆರಡೂ ತಿಳಿದ ಮೇಲೆ ಮಿಲ್ಲಿಂಗ್ ಯಂತ್ರದ ಆಯ್ಕೆಯಲ್ಲಿ ತಲೆಕೆಡಿಸಿಕೊಳ್ಳಲು ಹೆಚ್ಚೇನೂ ಉಳಿಯುವುದಿಲ್ಲ. ಕೆಲವರಿಗೆ ಅದು ಬೇಕಾಗುವುದೇ ಇಲ್ಲ.

ಯಾವ ಗಡಿಯಾರ

ನಮ್ಮ ಭಾಗ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಹಾಗಾಗಿ ಹಳೆಯ ಗಡಿಯಾರ ಹುಡುಕುವವರು ಇಂದಿಗೂ ಹೈದರಾಬಾದಿನ ದಾರಿ ಹಿಡಿಯುತ್ತಾರೆ. ಕೈಗೆ ಸಿಗುವವು ಮುಖ್ಯವಾಗಿ ಮೂರು ದೇಶದವು. ಅನ್ಸೋನಿಯಾ, ಸೇತ್ ಥಾಮಸ್ ಅಮೆರಿಕದವು. ಯುಂಗ್‌ಹಾನ್ಸ್ ಜರ್ಮನಿಯದು. ಸೈಕೋಶಾ ಜಪಾನಿನದು. ಹೊರಗಿನಿಂದ ನೋಡಿದರೆ ಎಲ್ಲವೂ ಅಣ್ಣತಮ್ಮಂದಿರಂತಿವೆ: ಮರದ ಪೆಟ್ಟಿಗೆ, ಗಾಜಿನ ಬಾಗಿಲು, ಒಳಗೆ ಲೋಲಕ, ವಾರಕ್ಕೊಮ್ಮೆ ಕೀ. ವ್ಯತ್ಯಾಸವಿರುವುದು ಮುಖ್ಯ ಸ್ಪ್ರಿಂಗಿನಲ್ಲಿ. ಅಮೆರಿಕದ ಗಡಿಯಾರಗಳಲ್ಲಿ ಸ್ಪ್ರಿಂಗು ಎರಡು ಹಿತ್ತಾಳೆ ತಗಡುಗಳ ನಡುವೆ ಬಯಲಾಗಿಯೇ ಸುತ್ತಿಕೊಂಡಿರುತ್ತದೆ. ಹಳೆಯ ಜಪಾನಿನವೂ ಬಹುಮಟ್ಟಿಗೆ ಅದೇ ಜಾಡು ಹಿಡಿದವು. ಜರ್ಮನಿಯವುಗಳಲ್ಲಿ ಸಾಮಾನ್ಯವಾಗಿ ಸ್ಪ್ರಿಂಗು ಒಂದು ಹಿತ್ತಾಳೆಯ ಡಬ್ಬಿಯೊಳಗೆ ಅಡಗಿರುತ್ತದೆ.

ಹೊಸಬರಿಗೆ ನನ್ನ ಶಿಫಾರಸು ಡಬ್ಬಿಯೊಳಗೆ ಸ್ಪ್ರಿಂಗ್ ಇರುವ ಗಡಿಯಾರ. ಎರಡರಲ್ಲೂ ಬಿಚ್ಚುವ ಮೊದಲು ಸ್ಪ್ರಿಂಗನ್ನು ಪೂರ್ತಿ ಇಳಿಸಲೇಬೇಕು. ಕೀಯನ್ನು ಗಟ್ಟಿಯಾಗಿ ಹಿಡಿದು, ಹಿಂದಕ್ಕೆ ತಿರುಗದಂತೆ ತಡೆಯುವ ಕೊಕ್ಕೆಯನ್ನು ಎತ್ತಿ, ಅಂಗೈಯಲ್ಲಿ ಸ್ವಲ್ಪ ಸ್ವಲ್ಪವಾಗಿ ಜಾರಲು ಬಿಡಬೇಕು. ಇದನ್ನು ಮಾಡದೆ ತಗಡಿನ ನಟ್ಟು ಸಡಿಲಿಸಿದರೆ ಚಕ್ರದ ಹಲ್ಲುಗಳು ಸಾಲಾಗಿ ಉದುರುತ್ತವೆ, ಬೆರಳಿಗೂ ಉಳಿಗಾಲವಿಲ್ಲ. ಇಳಿಸಿದ ಮೇಲೆ ಡಬ್ಬಿಯ ಸ್ಪ್ರಿಂಗು ತನ್ನ ಪಾಡಿಗೆ ಒಳಗಿರುತ್ತದೆ. ಬಯಲು ಸ್ಪ್ರಿಂಗು ಇಳಿದ ಮೇಲೂ ಅಗಲವಾಗಿ ಬಿಚ್ಚಿಕೊಂಡು ಜೋಡಣೆಯ ವೇಳೆ ಎಲ್ಲದಕ್ಕೂ ಅಡ್ಡ ಬರುತ್ತದೆ, ಅದನ್ನು ಮೊದಲೇ ತಂತಿಯಲ್ಲಿ ಕಟ್ಟಿಟ್ಟುಕೊಳ್ಳಬೇಕು.

ಗಂಟೆ ಹೊಡೆಯುವ ಗಡಿಯಾರವೋ ಬರೀ ಸಮಯ ತೋರಿಸುವುದೋ? ಆಯ್ಕೆಯಿದ್ದರೆ ಮೊದಲನೆಯದಾಗಿ ಬರೀ ಸಮಯದ್ದನ್ನು ತೆಗೆದುಕೊಳ್ಳಿ, ಚಕ್ರಗಳು ಅರ್ಧಕ್ಕೆ ಇಳಿಯುತ್ತವೆ. ಟೈಂಪೀಸ್ ಅಲಾರಾಂಗಳು ಬಿಚ್ಚಿ ಕಲಿಯಲು ಅಗ್ಗದ ಪಾಠಶಾಲೆ, ಆದರೆ ಅವುಗಳ ತೆಳು ತಗಡಿನ ಭಾಗಗಳಿಗೆ ಯಂತ್ರದ ಕೆಲಸ ಒಗ್ಗುವುದಿಲ್ಲ. ಎಚ್‌ಎಂಟಿ ಕೈಗಡಿಯಾರ ಬೇರೆಯೇ ಲೋಕ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಶುರುವಾದ ಆ ಗಡಿಯಾರಗಳಿಗೆ ಬೇಕಾದದ್ದು ಚಿಮುಟ, ಭೂತಗನ್ನಡಿ ಮತ್ತು ನಡುಗದ ಕೈ. ಮಿಲ್ಲಿಂಗ್ ಯಂತ್ರವಿದೆ ಎಂಬ ಧೈರ್ಯದಲ್ಲಿ ಅದಕ್ಕೆ ಕೈ ಹಾಕಬೇಡಿ.

ಹೈದರಾಬಾದಿನ ಜುಮೇರಾತ್ ಬಜಾರಿನಂಥ ಕಡೆ ಕೊಳ್ಳುವಾಗ ಮುಖಫಲಕಕ್ಕಿಂತ ಮೊದಲು ಕೀ ಹಾಕುವ ತೂತುಗಳನ್ನು ನೋಡಿ. ಒಳಗಿನ ಅಚ್ಚು ತೂತಿನ ನಡುವೆ ನೇರವಾಗಿ ಕಾಣಬೇಕು. ಅಂಚಿಗೆ ಸರಿದಿದ್ದರೆ, ತೂತನ್ನು ಅರದಿಂದ ಕೊರೆದು ಅಗಲಿಸಿದ್ದರೆ, ಒಂದರ ಪೆಟ್ಟಿಗೆಗೆ ಇನ್ನೊಂದರ ಯಂತ್ರ ಸೇರಿಸಿದ ಸಂಬಂಧವದು. ಪೆಟ್ಟಿಗೆಯ ಹಿಂಹಲಗೆಯಲ್ಲಿ ಮುಚ್ಚಿದ ಹಳೆಯ ಸ್ಕ್ರೂ ತೂತುಗಳಿದ್ದರೂ ಅದೇ ಕಥೆ. ರಿಪೇರಿ ಕಲಿಯಲು ಅದು ಸಾಕು, ಆದರೆ ‘ಅಸಲಿ’ ಎಂಬ ಬೆಲೆ ತೆರಬೇಡಿ.

ಈಗ ಮುಖ್ಯ ಪ್ರಶ್ನೆ: ನಿಂತ ಗಡಿಯಾರಕ್ಕೆ ಏನಾಗಿರುತ್ತದೆ? ಸಾಮಾನ್ಯವಾಗಿ ಎಣ್ಣೆ ಒಣಗಿ ಅಂಟಾಗಿರುತ್ತದೆ, ಅದರ ಮೇಲೆ ನಮ್ಮ ಧೂಳು ಕೂತಿರುತ್ತದೆ. ಲೋಲಕ ತೂಗುವ ತೆಳು ಪಟ್ಟಿ ಮಣಿದಿರುತ್ತದೆ. ಅಚ್ಚಿನ ತುದಿ ತಿರುಗುವ ತೂತು ಸವೆದು ಅಂಡಾಕಾರವಾಗಿರುತ್ತದೆ. ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ಪೆಟ್ಟಿಗೆಯೊಳಗಿಟ್ಟು ಗಡಿಯಾರ ಓಡಿಸುವ ಹಳೆಯ ಉಪಾಯದಿಂದ ಕೊಳೆ ತಾತ್ಕಾಲಿಕವಾಗಿ ಸಡಿಲವಾದೀತು, ಸವೆದ ತೂತು ಗುಂಡಗಾಗುವುದಿಲ್ಲ. ಅದನ್ನು ಕೈಯಿಂದಲೇ ರೀಮರ್ ತಿರುಗಿಸಿ ದೊಡ್ಡದು ಮಾಡಿ ಹಿತ್ತಾಳೆಯ ಬುಷ್, ಅಂದರೆ ಪುಟ್ಟ ಕೊಳವೆ, ಕೂಡಿಸಬಹುದು. ಒಂದೆರಡು ಹಲ್ಲು ಮುರಿದ ಚಕ್ರಕ್ಕೆ ಸಹ ಯಂತ್ರ ಬೇಕಿಲ್ಲ. ಮುರಿದ ಜಾಗದಲ್ಲಿ ಒಳಗೆ ಅಗಲ, ಹೊರಗೆ ಕಿರಿದಾದ ಕಚ್ಚು ಕತ್ತರಿಸಿ, ಹಿತ್ತಾಳೆಯ ತುಂಡೊಂದನ್ನು ಬಿಗಿಯಾಗಿ ಸೇರಿಸಿ ಬೆಸುಗೆ ಹಾಕಿ, ಸಣ್ಣ ಅರದಿಂದ ಹಲ್ಲಿನ ಆಕಾರ ತೆಗೆದರೆ ಆಯಿತು. ಇಡೀ ಚಕ್ರವನ್ನೇ ಹೊಸದಾಗಿ ಮಾಡುವಾಗ ಮಾತ್ರ ಹಲ್ಲು ಕತ್ತರಿಸುವ ಯಂತ್ರದ ಮಾತು ಬರುತ್ತದೆ.

ಲೋಲಕದ ಬಗ್ಗೆ ಇಲ್ಲಿಯವರು ತಿಳಿದಿರಬೇಕಾದ ಒಂದು ಲೆಕ್ಕವಿದೆ. ಉಕ್ಕಿನ ಸರಳು ಪ್ರತಿ ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಹಿಗ್ಗುವುದರಿಂದ ಗಡಿಯಾರ ದಿನಕ್ಕೆ ಸುಮಾರು ಅರ್ಧ ಸೆಕೆಂಡ್ ಹಿಂದೆ ಬೀಳುತ್ತದೆ. ಹಿತ್ತಾಳೆಯದಾದರೆ ಸುಮಾರು 0.8 ಸೆಕೆಂಡ್. ನಮ್ಮಲ್ಲಿ ಡಿಸೆಂಬರಿನ ಬೆಳಗಿಗೂ ಮೇ ಮಧ್ಯಾಹ್ನಕ್ಕೂ ಮನೆಯೊಳಗೇ 25 ಡಿಗ್ರಿ ಅಂತರವಿರಬಹುದು. ಅಂದರೆ ಉಕ್ಕಿನ ಲೋಲಕ ದಿನಕ್ಕೆ ಹನ್ನೆರಡು ಸೆಕೆಂಡ್, ಹಿತ್ತಾಳೆಯದು ಇಪ್ಪತ್ತು ಸೆಕೆಂಡ್ ವ್ಯತ್ಯಾಸ ತೋರಿಸುತ್ತದೆ. ಒಣಗಿದ ನೇರ ಎಳೆಯ ಮರದ ಸರಳಿಗೆ ವಾರ್ನಿಷ್ ಬಳಿದು ಬಳಸಿದರೆ ಇದು ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ. ಮುರಿದ ಲೋಲಕಕ್ಕೆ ಹೊಸ ಸರಳು ಹಾಕುವವರು ಹೊಳೆಯುವ ಹಿತ್ತಾಳೆಗೆ ಮನಸೋಲುವ ಮೊದಲು ಇದನ್ನು ಯೋಚಿಸಿ. ಬೇಸಿಗೆಯಲ್ಲಿ ಲೋಲಕದ ಬಿಲ್ಲೆಯನ್ನು ತುಸು ಮೇಲಕ್ಕೇರಿಸುವ ಹಿರಿಯರ ಪದ್ಧತಿ ಸುಮ್ಮನೆ ಬಂದದ್ದಲ್ಲ.

ಯಾವ ಮೋಟಾರು

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ನಮ್ಮ ಊರಿನಲ್ಲಿ ಹವ್ಯಾಸಿಗಳ ಹಣ ಸುಟ್ಟು ಹೋಗುವುದು ಮೋಟಾರಿನಲ್ಲಿಯೇ.

ಮನೆಗೆ ಬರುವುದು 230 ವೋಲ್ಟಿನ ಸಿಂಗಲ್ ಫೇಸ್. ಏಪ್ರಿಲ್, ಮೇ ತಿಂಗಳ ಸಂಜೆ ಬೀದಿಯ ಕೂಲರು, ಎಸಿ ಎಲ್ಲ ಒಮ್ಮೆಲೇ ಓಡುವಾಗ ಸಾಲಿನ ಕೊನೆಯ ಮನೆಗಳಲ್ಲಿ ಅದು 190, 180ಕ್ಕೆ ಇಳಿಯುವುದುಂಟು. ಇಂಡಕ್ಷನ್ ಮೋಟಾರು ತಿರುಗಿಸುವ ಬಲ ವೋಲ್ಟೇಜಿನ ವರ್ಗವನ್ನು ಅನುಸರಿಸುತ್ತದೆ. ವೋಲ್ಟೇಜು 230ರಿಂದ 180ಕ್ಕೆ ಇಳಿದರೆ ಬಲ ಶೇಕಡ 60ರ ಆಸುಪಾಸಿಗೆ ಕುಸಿಯುತ್ತದೆ. ಇದರ ಪೆಟ್ಟು ಹೆಚ್ಚು ಬೀಳುವುದು ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವ, ಕಂಡೆನ್ಸರ್ ಇರುವ ಸಿಂಗಲ್ ಫೇಸ್ ಮೋಟಾರಿಗೆ. ಅದರಲ್ಲಿ ಶುರುವಾಗಲು ಒಂದು ಪ್ರತ್ಯೇಕ ಸುತ್ತು ಇರುತ್ತದೆ. ವೇಗ ಮುಕ್ಕಾಲು ಭಾಗ ಬಂದ ಕೂಡಲೇ ಒಳಗಿನ ಸ್ವಿಚ್ ‘ಟಕ್’ ಎಂದು ಅದನ್ನು ಕಡಿದುಹಾಕುತ್ತದೆ. ವೋಲ್ಟೇಜು ಕಡಿಮೆಯಿದ್ದು, ಬೆಲ್ಟು ಬಿಗಿಯಾಗಿದ್ದು, ಮೋಟಾರು ಆ ವೇಗ ಮುಟ್ಟದೆ ಗೊರಗೊರ ಎನ್ನುತ್ತಿದ್ದರೆ ಸ್ವಿಚ್ ಕಡಿಯುವುದಿಲ್ಲ. ಕೆಲವೇ ಸೆಕೆಂಡ್ ತಾಳಿಕೊಳ್ಳುವಂತೆ ಸುತ್ತಿದ ತಂತಿ ಅಷ್ಟರಲ್ಲಿ ವಾಸನೆ ಕೊಡಲು ಶುರುಮಾಡುತ್ತದೆ. ಹೊಸ ಮೋಟಾರನ್ನು ಆನ್ ಮಾಡುವಾಗ ಆ ‘ಟಕ್’ ಸದ್ದಿಗೆ ಕಿವಿಗೊಡಿ. ಒಂದೆರಡು ಸೆಕೆಂಡಿನಲ್ಲಿ ಕೇಳಿಸದಿದ್ದರೆ ಕೂಡಲೇ ಆಫ್ ಮಾಡಿ.

ಎರಡನೆಯ ಶತ್ರು ಸೆಕೆ. ಸಾಮಾನ್ಯ ಮೋಟಾರಿನ ಲೆಕ್ಕಾಚಾರ ಸುತ್ತಲಿನ ಗಾಳಿ 40 ಡಿಗ್ರಿ ಮೀರುವುದಿಲ್ಲ ಎಂಬ ನಂಬಿಕೆಯ ಮೇಲೆ ನಿಂತಿದೆ. ಮೇ ತಿಂಗಳಲ್ಲಿ ಕಲಬುರಗಿಯ ಬೀದಿಯೇ 42, 43 ಇರುತ್ತದೆ, ತಗಡಿನ ಶೆಡ್ಡಿನ ಮಾತು ಹೇಳುವುದೇ ಬೇಡ. ಹಾಗಾಗಿ ಮೋಟಾರಿನ ಮೈಮೇಲಿನ ವಿವರದ ಪಟ್ಟಿಯಲ್ಲಿ ಇನ್ಸುಲೇಷನ್ ಕ್ಲಾಸ್, ಅಂದರೆ ಸುತ್ತಿನ ಹೊದಿಕೆ ತಾಳುವ ಶಾಖದ ದರ್ಜೆ, ಏನೆಂದು ನೋಡಿ. ಬಿ ಎಂದರೆ 130 ಡಿಗ್ರಿವರೆಗೆ, ಎಫ್ ಎಂದರೆ 155 ಡಿಗ್ರಿವರೆಗೆ. ವೈಂಡಿಂಗ್ ಅಂಗಡಿಯಲ್ಲಿ ಮರುಸುತ್ತು ಹಾಕಿಸುವಾಗ ‘ಎಫ್ ಕ್ಲಾಸ್ ಹಾಕಿ’ ಎಂದು ಮೊದಲೇ ಹೇಳಿಬಿಡಿ.

ಈಗ ಒಂದೊಂದೇ ನೋಡೋಣ. ಮಿಕ್ಸಿ ಮೋಟಾರು ಬೇಡ. ಅದು ಕಿರುಚುತ್ತಾ ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸುತ್ತು ತಿರುಗಿ, ಕೆಲವು ನಿಮಿಷಗಳಲ್ಲಿ ಬಿಸಿಯಾಗಿ ಸುಸ್ತಾಗುವ ಜಾತಿ. ಅರೆ ಸ್ವಯಂಚಾಲಿತ ಬಟ್ಟೆ ಒಗೆಯುವ ಯಂತ್ರದ ಮೋಟಾರಿಗೆ ಶುರುವಾಗುವ ಬಲ ಕಡಿಮೆ, ಗುಜರಿಯಲ್ಲಿ ಅಗ್ಗವಾಗಿ ಸಿಕ್ಕಿತೆಂದು ತರಬೇಡಿ. ಹೊಲಿಗೆ ಯಂತ್ರದ ಸಣ್ಣ ಮೋಟಾರನ್ನು ಮಾತ್ರ ಕಡೆಗಣಿಸಬಾರದು. ಸುಮಾರು 100 ವ್ಯಾಟಿನದು, ಹಗುರ, ಕಾಲಿನ ಪೆಡಲಿನಿಂದ ವೇಗ ಹತೋಟಿಯಲ್ಲಿರುತ್ತದೆ, ಕಾರ್ಬನ್ ಬ್ರಷ್ ಸವೆದರೆ ಹೊಸದು ಹಾಕಬಹುದು. ಭಾರ ಬಿದ್ದೊಡನೆ ವೇಗ ಕಳೆದುಕೊಳ್ಳುವುದು ಅದರ ದೋಷ. ಆದರೆ ಗಡಿಯಾರದ ಹಿತ್ತಾಳೆ ಚಕ್ರದ ಹಲ್ಲು ಕತ್ತರಿಸುವಾಗ ಭಾರವೇ ಇರುವುದಿಲ್ಲ. ಅಲ್ಲಿ ಬೇಕಾದದ್ದು ವೇಗ.

ಹಳೆಯ ಟ್ರೆಡ್‌ಮಿಲ್ಲಿನ ಡಿಸಿ ಮೋಟಾರು ಸಿಕ್ಕರೆ ಅದೃಷ್ಟ, ಜೊತೆಗೆ ಅದರ ನಿಯಂತ್ರಕವನ್ನೂ ಕೇಳಿ ಪಡೆಯಿರಿ. ಗಾಳಿಯಾಡಲೆಂದು ತೆರೆದಿಟ್ಟ ಕಿಂಡಿಗಳಲ್ಲಿ ಕಬ್ಬಿಣದ ಪುಡಿ ಹೋಗದಂತೆ ಕಾಪಾಡುವುದು ನಿಮ್ಮ ಕೆಲಸ. ಗಾರ್ಮೆಂಟ್ ಹೊಲಿಗೆ ಯಂತ್ರಗಳಿಗೆ ಹಾಕುವ ಸರ್ವೋ ಮೋಟಾರು ಇತ್ತೀಚೆಗೆ ಹವ್ಯಾಸಿಗಳ ಮೆಚ್ಚಿನದು. 550 ವ್ಯಾಟಿನದು ಸಾಮಾನ್ಯ, ಸಿಂಗಲ್ ಫೇಸಿನಲ್ಲೇ ಓಡುತ್ತದೆ, ವೇಗ ಬೇಕಾದಂತೆ ಹೊಂದಿಸಬಹುದು, ನಿಂತಾಗ ಸದ್ದಿಲ್ಲ. ಲೋಹದ ತುಂಡನ್ನೇ ತಿರುಗಿಸಿ ಕಡೆಯುವ ಸಣ್ಣ ಲೇತಿಗೂ ಡ್ರಿಲ್ಲಿಗೂ ಸಾಕು. ತೀರಾ ಕಡಿಮೆ ವೇಗದಲ್ಲಿ ಭಾರ ಹೊರುವ ತ್ರಾಣ ಮಾತ್ರ ಅದಕ್ಕಿಲ್ಲ.

ಮುಖ್ಯ ಯಂತ್ರಕ್ಕೆ ನಾನು ಕೈತೋರಿಸುವುದು ತ್ರೀ ಫೇಸ್ ಮೋಟಾರು ಮತ್ತು ಅದರ ಜೊತೆಗೊಂದು ವಿಎಫ್‌ಡಿಯನ್ನು. ವಿಎಫ್‌ಡಿ ಎಂದರೆ ಮನೆಯ ಸಿಂಗಲ್ ಫೇಸ್ ತೆಗೆದುಕೊಂಡು 230 ವೋಲ್ಟಿನ ತ್ರೀ ಫೇಸ್ ಮಾಡಿಕೊಡುವ ಡಬ್ಬಿ. ವೇಗವನ್ನು ಗುಂಡಿ ತಿರುಗಿಸಿ ಬದಲಿಸಬಹುದು, ಮೋಟಾರು ನಿಧಾನವಾಗಿ ಏರುತ್ತದೆ, ಮನೆಯ ದೀಪ ಮಂಕಾಗುವುದಿಲ್ಲ, ಸುಟ್ಟುಹೋಗಲು ಕಂಡೆನ್ಸರೂ ಇಲ್ಲ, ಒಳಗಿನ ಸ್ವಿಚ್ಚೂ ಇಲ್ಲ. ಇದು ಕಲಬುರಗಿಯಲ್ಲಿ ಇನ್ನೊಂದು ಕಾರಣಕ್ಕೆ ಸುಲಭ. ತೊಗರಿಯ ಊರಾದ್ದರಿಂದ ಕಪನೂರು ಕೈಗಾರಿಕಾ ಪ್ರದೇಶದಲ್ಲಿ ಬೇಳೆ ಮಿಲ್ಲುಗಳಿವೆ. ಮಿಲ್ಲುಗಳಿದ್ದ ಕಡೆ ತ್ರೀ ಫೇಸ್ ಮೋಟಾರಿನ ಬೇನೆ ಬಲ್ಲ ವೈಂಡಿಂಗ್ ಕೆಲಸಗಾರರೂ ಇರುತ್ತಾರೆ, ಗುಜರಿಯಲ್ಲಿ ಮೋಟಾರುಗಳೂ ಇರುತ್ತವೆ.

ಆದರೆ ತಂದ ಮೋಟಾರನ್ನು ನೇರ ಜೋಡಿಸುವಂತಿಲ್ಲ. ಪಟ್ಟಿಯಲ್ಲಿ 415 ವೋಲ್ಟ್ ಎಂದಿರುತ್ತದೆ, ವಿಎಫ್‌ಡಿ ಕೊಡುವುದು 230. ಟರ್ಮಿನಲ್ ಡಬ್ಬಿಯ ನಾಲ್ಕು ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆಯಿರಿ. ಒಳಗೆ ಎರಡು ಸಾಲಿನಲ್ಲಿ ಮೂರು ಮೂರರಂತೆ ಆರು ಬೋಲ್ಟುಗಳಿದ್ದು, ಒಂದು ಸಾಲಿನ ಮೂರನ್ನೂ ಹಿತ್ತಾಳೆ ಪಟ್ಟಿ ಅಡ್ಡಲಾಗಿ ಸೇರಿಸಿದ್ದರೆ ಅದು ಸ್ಟಾರ್ ಜೋಡಣೆ. ಆ ಪಟ್ಟಿಗಳನ್ನು ಬಿಚ್ಚಿ ಮೇಲಿನ ಬೋಲ್ಟಿನಿಂದ ಕೆಳಗಿನ ಬೋಲ್ಟಿಗೆ ನೆಟ್ಟಗೆ ಮೂರು ಕಡೆ ಹಾಕಿದರೆ ಡೆಲ್ಟಾ. ಈಗ ಅದೇ ಮೋಟಾರು 240 ವೋಲ್ಟಿನದಾಯಿತು. ಒಂದು ಎಚ್‌ಪಿ ಮೋಟಾರು 415ರಲ್ಲಿ 1.8 ಆಂಪಿಯರ್ ಎಳೆಯುತ್ತಿದ್ದರೆ ಈಗ ಸುಮಾರು 3.1 ಎಳೆಯುತ್ತದೆ, ವಿಎಫ್‌ಡಿಯಲ್ಲಿ ಆ ಅಂಕಿಯನ್ನೇ ತುಂಬಬೇಕು. ಡಬ್ಬಿಯೊಳಗೆ ಮೂರೇ ತಂತಿ ಕಂಡರೆ ಸ್ಟಾರ್ ಕೂಡುವ ಗಂಟು ಸುತ್ತಿನೊಳಗೇ ಹುದುಗಿದೆ ಎಂದರ್ಥ. ವೈಂಡಿಂಗ್ ಅಂಗಡಿಯವರು ಮೇಣದಾರದ ಕಟ್ಟು ಬಿಚ್ಚಿ ಆ ಗಂಟನ್ನು ಹೊರತೆಗೆದು ಆರು ತಂತಿ ಮಾಡಿಕೊಡುತ್ತಾರೆ. ದೊಡ್ಡ ಮೋಟಾರುಗಳು 415ಕ್ಕೇ ಡೆಲ್ಟಾ ಆಗಿರುತ್ತವೆ. ಅವನ್ನು ಹೀಗೆ ಬದಲಿಸಲು ಬರುವುದಿಲ್ಲ, ಅಗ್ಗವಾಗಿದ್ದರೂ ಬಿಟ್ಟುಬಿಡಿ. ಮನೆಗೆ ಒಂದು ಎಚ್‌ಪಿ ಸಾಕು, ಲೇತಿಗೂ ಮಿಲ್ಲಿಂಗಿಗೂ.

ವಿಎಫ್‌ಡಿಗೂ ಕೆಲವು ಮಡಿಗಳಿವೆ. ಅದರ ಮತ್ತು ಮೋಟಾರಿನ ನಡುವೆ ಸ್ವಿಚ್ ಹಾಕಬಾರದು, ಆನ್ ಆಫ್ ಮಾಡುವುದು ಅದರ ನಿಯಂತ್ರಣ ತಂತಿಯ ಮೂಲಕವೇ. 20 ಹರ್ಟ್ಸ್‌ಗಿಂತ ಕೆಳಗೆ ಬಹಳ ಹೊತ್ತು ಓಡಿಸಬಾರದು, ಮೋಟಾರಿನ ಬೆನ್ನಿಗಿರುವ ಪಂಖಾ ನಿಧಾನವಾಗಿ ಗಾಳಿ ಸಾಲದು. ವೇಗ ಇಳಿಸಿದಷ್ಟೂ ಶಕ್ತಿಯೂ ಇಳಿಯುತ್ತದೆ, ಆದ್ದರಿಂದ ‘ವಿಎಫ್‌ಡಿ ಇದೆಯಲ್ಲ’ ಎಂದು ಯಂತ್ರದ ಪುಲ್ಲಿ, ಬೆಲ್ಟು ಕಿತ್ತೆಸೆಯಬೇಡಿ. ಡಬ್ಬಿಯನ್ನು ಬಿಸಿಲು ಬೀಳುವ ಗೋಡೆಗೆ ಹೊಡೆಯಬೇಡಿ.

ಕರೆಂಟು ಹೋಗಿ ಬರುವುದರ ಬಗ್ಗೆ ಒಂದು ಮಾತು, ಇದನ್ನು ಯಾರೂ ಅಂಗಡಿಯಲ್ಲಿ ಹೇಳುವುದಿಲ್ಲ. ಸಾದಾ ಸ್ವಿಚ್ಚಿನ ಯಂತ್ರ ಓಡುತ್ತಿರುವಾಗ ಕರೆಂಟು ಹೋಯಿತು, ನೀವು ಕಟ್ಟರ್ ಬದಲಿಸಲು ಕೈ ಹಾಕಿದಿರಿ, ಆಗಲೇ ಕರೆಂಟು ಬಂದರೆ ಯಂತ್ರ ತಾನಾಗಿ ತಿರುಗತೊಡಗುತ್ತದೆ. ಹಸಿರು, ಕೆಂಪು ಗುಂಡಿಗಳ ಡಿಓಎಲ್ ಸ್ಟಾರ್ಟರಿನಲ್ಲಿ ಈ ಅಪಾಯವಿಲ್ಲ. ಕರೆಂಟು ಹೋದೊಡನೆ ಅದರ ಕಾಯಿಲ್ ಬಿಟ್ಟುಕೊಳ್ಳುತ್ತದೆ, ಮತ್ತೆ ಹಸಿರು ಒತ್ತಿದರಷ್ಟೇ ಓಡುತ್ತದೆ. ವಿಎಫ್‌ಡಿ ಇದ್ದರೆ ತಾನಾಗಿ ಮರಳಿ ಶುರುವಾಗುವ ಆಯ್ಕೆ ಬಂದ್ ಆಗಿದೆಯೇ ಎಂದು ಸೆಟ್ಟಿಂಗಿನಲ್ಲಿ ನೋಡಿ. ಸ್ವಿಚ್ಚನ್ನು ಆನ್ ಸ್ಥಿತಿಯಲ್ಲೇ ಬಿಟ್ಟಿದ್ದರೆ ಏನಾಗುತ್ತದೆ ಎಂಬುದನ್ನೂ ಒಮ್ಮೆ ಕಟ್ಟರ್ ಇಲ್ಲದೆ, ಮೇನ್ ತೆಗೆದು ಹಾಕಿ ಪರೀಕ್ಷಿಸಿ. ಇನ್ವರ್ಟರಿನ ಮೇಲೆ ಮೋಟಾರು ಓಡಿಸುವ ಆಲೋಚನೆಯನ್ನೇ ಬಿಡಿ, ಅದು ಫ್ಯಾನು ದೀಪಗಳಿಗಿರಲಿ.

ಯಾವ ಮಿಲ್ಲಿಂಗ್ ಯಂತ್ರ

ಡ್ರಿಲ್ ಯಂತ್ರಕ್ಕೆ ಎರಡೂ ಕಡೆ ಸರಿಯುವ ವೈಸ್ ಕಟ್ಟಿ ಮಿಲ್ಲಿಂಗ್ ಮಾಡುವುದು ಎಲ್ಲರಿಗೂ ಮೊದಲು ಹೊಳೆಯುವ ಅಗ್ಗದ ದಾರಿ. ಅದು ದಾರಿಯೇ ಅಲ್ಲ. ಡ್ರಿಲ್ಲಿನ ಬೇರಿಂಗುಗಳು ಮೇಲಿನಿಂದ ಕೆಳಗಿನ ಒತ್ತಡಕ್ಕೆಂದು ಇರುವಂಥವು. ಬಿಟ್ ಹಿಡಿಯುವ ಚಕ್ ಬರೀ ಇಳಿಜಾರಿನ ಬಿಗಿಯಲ್ಲಿ ನಿಂತಿರುತ್ತದೆ. ಪಕ್ಕದಿಂದ ಎಳೆತ ಬಿದ್ದು ನಡುಗಿದರೆ ಅದು ಕಳಚಿ, ತಿರುಗುತ್ತಿರುವ ಕಟ್ಟರಿನ ಸಮೇತ ಮೇಜಿನ ಮೇಲೆ ಕುಣಿಯುತ್ತದೆ. ಸರಿಯಾದ ಮಿಲ್ಲಿಂಗ್ ಯಂತ್ರದಲ್ಲಿ ಕಟ್ಟರನ್ನು ಮೇಲಿನಿಂದ ಉದ್ದ ಬೋಲ್ಟೊಂದು ಎಳೆದು ಹಿಡಿದಿರುತ್ತದೆ.

ಇನ್ನೊಂದು ತುದಿಯಲ್ಲಿ ಕಾರ್ಖಾನೆಗಳ ಹಳೆಯ ದೊಡ್ಡ ಯಂತ್ರಗಳಿವೆ: ಎಚ್‌ಎಂಟಿಯವು, ಕಾರ್ಯಾಗಾರದವರು ಎಂ1ಟಿಆರ್ ಎಂದು ಕರೆಯುವ ಟರೆಟ್ ಮಾದರಿಯವು. ಸೋಲಾಪುರ, ಹೈದರಾಬಾದಿನಲ್ಲಿ ತೂಕದ ಬೆಲೆಗೇ ಸಿಕ್ಕೀತು ಎಂಬ ಸುದ್ದಿ ಆಗಾಗ ಬರುತ್ತದೆ. ಬೀಡು ಕಬ್ಬಿಣದ ಆ ಗಟ್ಟಿತನಕ್ಕೆ ಯಾವ ಹೊಸ ಸಣ್ಣ ಯಂತ್ರವೂ ಸಾಟಿಯಲ್ಲ, ನಿಜ. ಆದರೆ ಟನ್ನಿನ ಲೆಕ್ಕದ ವಸ್ತುವದು. ಸುಮಾರು 110 ಕಿಲೋಮೀಟರ್ ದೂರದ ಸೋಲಾಪುರದಿಂದ ಲಾರಿ, ಇಲ್ಲಿ ಇಳಿಸಲು ಕ್ರೇನು, ಓಣಿಯಲ್ಲಿ ಅದು ತಿರುಗಲು ಜಾಗ, ಕೆಳಗೆ ಕಾಂಕ್ರೀಟು. ಸ್ವಂತ ಜಾಗ, ನೆಲಮಟ್ಟದ ಕೋಣೆ, ತ್ರೀ ಫೇಸ್ ಸಂಪರ್ಕ ಇದ್ದವರು ಮಾತ್ರ ಯೋಚಿಸಬಹುದು. ಬಾಡಿಗೆ ಮನೆಯವರು ಇದರ ಚಿತ್ರ ನೋಡಿ ಸಂತೋಷಪಡಬೇಕು.

ನಡುವೆ ಉಳಿಯುವವು ಮೂರು.

ಮೇಜಿನ ಮೇಲೆ ಕೂರುವ ಮಿನಿ ಮಿಲ್ 50, 60 ಕಿಲೋ ತೂಗುತ್ತದೆ, ಇಬ್ಬರು ಎತ್ತಬಹುದು, ಮಹಡಿಗೂ ಹೋಗುತ್ತದೆ. ವೇಗ ನಿಮಿಷಕ್ಕೆ ಸುಮಾರು 100ರಿಂದ 2500 ಸುತ್ತಿನವರೆಗೆ. ಹಿತ್ತಾಳೆ, ಅಲ್ಯೂಮಿನಿಯಂ ಕೆಲಸಕ್ಕೆ ಚೆನ್ನ. ಉಕ್ಕಿನಲ್ಲಿ ಒಮ್ಮೆಗೆ ಕಾಲು ಅಥವಾ ಅರ್ಧ ಮಿಲಿಮೀಟರಿಗಿಂತ ಆಳ ಹೋದರೆ ಕಂಬವೇ ನಡುಗುತ್ತದೆ. ಹಲವು ಮಾದರಿಗಳಲ್ಲಿ ತಲೆಯೊಳಗಿನ ಗೇರು ಪ್ಲಾಸ್ಟಿಕ್ಕಿನದು, ಕಟ್ಟರ್ ಸಿಕ್ಕಿಕೊಂಡರೆ ಮೊದಲು ಹೋಗುವುದು ಅದೇ. ಕೊಳ್ಳುವಾಗಲೇ ಒಂದು ಹೆಚ್ಚುವರಿ ಗೇರು ಇಸಿದುಕೊಳ್ಳಿ, ಅಥವಾ ಬೆಲ್ಟಿನ ಮಾದರಿ ನೋಡಿ.

ಗುಂಡು ಕಂಬದ ಮಿಲ್ಲಿಂಗ್ ಕಮ್ ಡ್ರಿಲ್ಲಿಂಗ್ ಯಂತ್ರ ಇನ್ನೂರು, ಮುನ್ನೂರು ಕಿಲೋದ ಗಟ್ಟಿಗ. ಉಕ್ಕನ್ನು ಧೈರ್ಯವಾಗಿ ಕಡಿಯುತ್ತದೆ. ಆದರೆ ಕಂಬ ಗುಂಡಗಿರುವುದರಿಂದ ಎತ್ತರ ಬದಲಿಸಲು ತಲೆಯನ್ನು ಸಡಿಲಿಸಿದರೆ ಸಾಕು, ಅದು ಪಕ್ಕಕ್ಕೂ ತುಸು ತಿರುಗಿಬಿಡುತ್ತದೆ. ಡ್ರಿಲ್ ಬಿಟ್ಟು ಉದ್ದನೆಯ ರೀಮರ್ ಹಾಕಬೇಕಾಗಿ ಬಂದರೆ ಹಿಡಿದಿಟ್ಟ ಕೇಂದ್ರ ಕೈತಪ್ಪಿತು. ಗಡಿಯಾರದ ತಗಡಿನಂಥ ಕೆಲಸಕ್ಕೆ ಇದು ತಲೆನೋವು. ಚೌಕ ಕಂಬದ್ದು ಸಿಕ್ಕರೆ ಹೆಚ್ಚು ಹಣ ಕೊಟ್ಟಾದರೂ ಅದನ್ನೇ ತೆಗೆದುಕೊಳ್ಳಿ.

ಮೂರನೆಯದು ಮಿಲ್ಲಿಂಗ್ ಯಂತ್ರವನ್ನೇ ಕೊಳ್ಳದಿರುವುದು. ಸಣ್ಣ ಲೇತಿನಲ್ಲಿ ಅಡ್ಡಲಾಗಿ ಜಾರುವ ಕ್ರಾಸ್ ಸ್ಲೈಡಿಗೆ, ಮೇಲೆ ಕೆಳಗೆ ಚಲಿಸುವ ವರ್ಟಿಕಲ್ ಸ್ಲೈಡ್ ಕೂಡಿಸಿದರೆ ಸಣ್ಣಪುಟ್ಟ ಮಿಲ್ಲಿಂಗ್ ಎಲ್ಲ ಆಗುತ್ತದೆ. ಗಡಿಯಾರದವರಿಗೆ ನನ್ನ ಒಲವು ಇದರ ಕಡೆಗೇ. ಅಚ್ಚಿನ ತುದಿ ಹೊಳಪು ಮಾಡಲು, ಬುಷ್ ತಿರುಗಿಸಲು ಲೇತು ಹೇಗೂ ಬೇಕು, ಅದಿಲ್ಲದೆ ಬರೀ ಮಿಲ್ಲಿಂಗ್ ಯಂತ್ರ ಇಟ್ಟುಕೊಂಡು ಗಡಿಯಾರದ ಕೆಲಸ ಮುಂದೆ ಸಾಗದು. ಚಕ್ರದ ಹಲ್ಲು ಕತ್ತರಿಸುವಾಗ ಇದೇ ಜೋಡಣೆ ತಿರುಗಿ ನಿಲ್ಲುತ್ತದೆ. ಹಿತ್ತಾಳೆಯ ಬಿಲ್ಲೆ ಲೇತಿನ ಸ್ಪಿಂಡಲಿನಲ್ಲಿ, ಅಂದರೆ ಅದರ ತಿರುಗುವ ಅಚ್ಚಿನಲ್ಲಿ, ನಿಂತಿರುತ್ತದೆ. ವರ್ಟಿಕಲ್ ಸ್ಲೈಡಿನ ಮೇಲೆ ಪುಟ್ಟ ಕಟ್ಟರ್ ಸ್ಪಿಂಡಲ್, ಅದಕ್ಕೆ ಮೊದಲು ಹೇಳಿದ ಹೊಲಿಗೆ ಯಂತ್ರದ ಮೋಟಾರಿನಿಂದ ತೆಳು ಬೆಲ್ಟು, ವೇಗ 2000ದ ಆಸುಪಾಸು. ಕಟ್ಟರ್ ಎಂದರೆ ಒಂದೇ ಹಲ್ಲಿನದು. ಹಳೆಯ ಚಕ್ರದ ಎರಡು ಹಲ್ಲುಗಳ ನಡುವಿನ ಸಂದಿಗೆ ಬೆಳಕಿಗೆ ಹಿಡಿದು ಹೊಂದಿಸುತ್ತಾ ಉಕ್ಕಿನ ತುಂಡನ್ನು ಅರೆದು, ಕಾಯಿಸಿ ಹದ ಕೊಟ್ಟರೆ ಆಯಿತು. ಒಂದು ಸಂದಿ ಕತ್ತರಿಸಿದ ಮೇಲೆ ಸ್ಪಿಂಡಲನ್ನು ಅದಕ್ಕೆ ಕಟ್ಟಿದ ತೂತಿನ ಫಲಕದ ಮುಂದಿನ ತೂತಿಗೆ ತಿರುಗಿಸಿ ಪಿನ್ ಹಾಕುವುದು.

ಮಿಲ್ಲಿಂಗ್ ಯಂತ್ರದ ಮೇಲೇ ಚಕ್ರ ಕತ್ತರಿಸುವವರಿಗೆ ಬಿಲ್ಲೆಯನ್ನು ಸಮಭಾಗವಾಗಿ ತಿರುಗಿಸುವ ರೋಟರಿ ಟೇಬಲ್ ಅಥವಾ ಡಿವೈಡಿಂಗ್ ಹೆಡ್ ಬೇಕು. 72:1 ಅನುಪಾತದ (ಹಿಡಿ 72 ಸುತ್ತಿದರೆ ಟೇಬಲ್ ಒಂದು ಸುತ್ತು) ನಾಲ್ಕಿಂಚಿನ ರೋಟರಿ ಟೇಬಲಿನಲ್ಲಿ 96 ಹಲ್ಲಿಗೆ ಹಿಡಿ ಮುಕ್ಕಾಲು ಸುತ್ತು, 64 ಹಲ್ಲಿಗೆ ಒಂದು ಸುತ್ತು ಮತ್ತು ಎಂಟನೇ ಒಂದು. 40:1ರ ಡಿವೈಡಿಂಗ್ ಹೆಡ್ಡಿನಲ್ಲಿ 60 ಹಲ್ಲಿಗೆ ಮೂರನೇ ಎರಡು ಸುತ್ತು, 64ಕ್ಕೆ ಎಂಟನೇ ಐದು. ನಿಮ್ಮ ಗಡಿಯಾರದ ಚಕ್ರಗಳ ಹಲ್ಲು ಎಣಿಸಿ ಬರೆದುಕೊಂಡು, ಆ ಭಾಗಗಳು ಅಂಗಡಿಯವರು ತೋರಿಸುವ ತೂತಿನ ಫಲಕದಲ್ಲಿ ಬರುತ್ತವೆಯೇ ಎಂದು ಅಲ್ಲೇ ಲೆಕ್ಕ ಹಾಕಿ. ಫಲಕವಿಲ್ಲದೆ ಬರೀ ಟೇಬಲ್ ಕೊಂಡರೆ ಡಿಗ್ರಿ ಗೆರೆ ನೋಡಿಕೊಂಡು ಹಲ್ಲು ಕತ್ತರಿಸಬೇಕಾಗುತ್ತದೆ. ಕೊನೆಯ ಹಲ್ಲು ದಪ್ಪವಾಗಿಯೋ ಸಣಕಲಾಗಿಯೋ ಬಂದೇ ಬರುತ್ತದೆ.

ವೈಸ್, ಕಟ್ಟರ್, ಅದನ್ನು ಹಿಡಿಯುವ ಕಾಲೆಟ್, ಸೂಕ್ಷ್ಮ ಅಂತರವನ್ನು ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್ ಇವಕ್ಕೆಲ್ಲ ಯಂತ್ರದ ಬೆಲೆಯಷ್ಟೇ ಹಣ ಬೇರೆ ತೆಗೆದಿಡಿ. ಇದ್ದ ಹಣವನ್ನೆಲ್ಲ ಯಂತ್ರಕ್ಕೆ ಸುರಿದು, ಕೆಲಸ ಹಿಡಿಯಲು ವೈಸ್ ಇಲ್ಲದೆ ಕೂತರೆ ಪ್ರಯೋಜನವಿಲ್ಲ.

ಹಳೆಯದನ್ನು ನೋಡುವ ಬಗೆ

ಹಳೆಯ ಯಂತ್ರದ ಹೊಸ ಬಣ್ಣವನ್ನು ನಂಬಬೇಡಿ. ಮೇಜನ್ನು ನಡುವೆ ನಿಲ್ಲಿಸಿ, ಪಕ್ಕದ ಗಿಬ್ ಸ್ಕ್ರೂಗಳನ್ನು ಅಲುಗಾಟ ಹೋಗುವಷ್ಟು ಬಿಗಿ ಮಾಡಿ, ಆಮೇಲೆ ಹಿಡಿ ತಿರುಗಿಸುತ್ತಾ ಎರಡೂ ತುದಿಗೆ ಹೋಗಿ. ನಡುವೆ ಸಲೀಸಾಗಿದ್ದು ತುದಿಗಳಲ್ಲಿ ಕಚ್ಚಿಕೊಂಡರೆ ಜಾರುಪಟ್ಟಿ ನಡುವೆ ಸವೆದಿದೆ. ಅದನ್ನು ಸ್ಕ್ರೂ ಬಿಗಿದು ಸರಿಪಡಿಸಲಾಗದು. ಹಿಡಿಯನ್ನು ಹಿಂದೆ ಮುಂದೆ ಆಡಿಸಿದಾಗ ಮೇಜು ಅಲುಗದೆ ಹಿಡಿಯಷ್ಟೇ ಆಡುವ ಅಂತರ ಇದ್ದೇ ಇರುತ್ತದೆ. 0.1, 0.2 ಮಿಲಿಮೀಟರ್ ಇದ್ದರೆ ಹೆದರಬೇಕಿಲ್ಲ, ನಟ್ಟು ಹೊಂದಿಸಬಹುದು. ಸ್ಪಿಂಡಲಿನ ಒಳ ಇಳಿಜಾರಿಗೆ ಡಯಲ್ ಗೇಜಿನ ಮೊನೆ ತಾಗಿಸಿ ಕೈಯಿಂದ ತಿರುಗಿಸಿ. ಮುಳ್ಳು 0.02, 0.03 ಮಿಲಿಮೀಟರಿನೊಳಗೆ ಆಡಿದರೆ ಒಳ್ಳೆಯದು. ಗೇಜು ಇಡಲು ಬಿಡದ ಮಾರಾಟಗಾರನ ಬಳಿ ಬೆಲೆ ಮಾತಾಡುವ ಅಗತ್ಯವಿಲ್ಲ.

ಕೊಂಡ ಮೇಲೆ ಕೂರಿಸುವ ಕೆಲಸ. ನಮ್ಮ ಮನೆಗಳ ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲು ಗಟ್ಟಿಯೇ, ಆದರೆ ಕೆಳಗೆ ಪೊಳ್ಳು ಇದ್ದರೆ ಯಂತ್ರದ ಕಾಲು ಬಿದ್ದ ಕಡೆ ಸೀಳುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, ಪೊಳ್ಳು ಸದ್ದು ಬಂದ ಹಾಸನ್ನು ಎಬ್ಬಿಸಿ ಕಾಂಕ್ರೀಟು ತುಂಬಿ. ಸಮತಟ್ಟು ನೋಡುವ ಫಲಕವಾಗಿ ಆ ಕಲ್ಲನ್ನೇ ಬಳಸುವವರಿದ್ದಾರೆ. ಅದಕ್ಕಿಂತ 12 ಮಿಲಿಮೀಟರಿನ ಗಾಜಿನ ತುಂಡು ಮೇಲು. ತುಕ್ಕಿನ ಕಾಟ ಕರಾವಳಿಯವರಿಗೆ ಹೋಲಿಸಿದರೆ ನಮಗೆ ಕಡಿಮೆ, ಮಳೆಗಾಲದ ತಿಂಗಳುಗಳಲ್ಲಿ ಮೇಜಿಗೆ ಎಣ್ಣೆ ಸವರಿದರೆ ಸಾಕು. ಧೂಳು ಮಾತ್ರ ವರ್ಷವಿಡೀ, ಜಾರುಪಟ್ಟಿಗಳ ಮೇಲೆ ಬಟ್ಟೆ ಮುಚ್ಚಿಡಿ. ಸೆಕೆಗೆ ಬೆವರೊರೆಸಲು ಹೆಗಲ ಮೇಲೆ ಟವಲು ಹಾಕಿಕೊಂಡು ಯಂತ್ರದ ಮುಂದೆ ಬಾಗುವ ನಮ್ಮ ಅಭ್ಯಾಸವನ್ನು ಬಾಗಿಲ ಹೊರಗೆ ಬಿಟ್ಟುಬನ್ನಿ. ಸ್ಪಿಂಡಲಿಗೆ ಅದರ ತುದಿ ಸಿಕ್ಕರೆ ಕತ್ತು ಹಿಂಬಾಲಿಸುತ್ತದೆ.

ಕೊನೆಗೆ, ಯಂತ್ರದ ತಲೆ ಮೇಜಿಗೆ ನೆಟ್ಟಗಿದೆಯೇ ಎಂದು ತಿಳಿಯಲು ಸ್ಪಿಂಡಲಿಗೆ ಡಯಲ್ ಗೇಜ್ ಕಟ್ಟಿ, ಮೇಜಿನ ಮೇಲೆ 200 ಮಿಲಿಮೀಟರ್ ವ್ಯಾಸದ ವೃತ್ತದಲ್ಲಿ ಕೈಯಿಂದ ಸುತ್ತಿಸಿ. ಸುತ್ತಿನುದ್ದಕ್ಕೂ ಮುಳ್ಳು 0.03 ಮೀರದಂತೆ ತಲೆಯನ್ನು ಹೊಂದಿಸಿ ಬೋಲ್ಟು ಬಿಗಿಯಿರಿ. ಬಿಗಿದ ಮೇಲೆ ಇನ್ನೊಮ್ಮೆ ನೋಡಿ, ಏಕೆಂದರೆ ಬಿಗಿಯುವಾಗಲೇ ಅದು ಸರಿಯುತ್ತದೆ. ಒಂದು ತಿಂಗಳು ಓಡಿಸಿದ ಬಳಿಕ ಮತ್ತೆ ಪರೀಕ್ಷಿಸಿ.